ದೋಣಿಗೆ 18 ತಿಂಗಳು, ನಿಮಗೆ 90 ದಿನ

‘ನಾವು ಯಾಟ್‌ನಲ್ಲೇ ಮಲಗ್ತೀವಿ, ನೆಲಕ್ಕೆ ಕಾಲೇ ಇಡಲ್ಲ, ನಮಗ್ಯಾಕೆ ವೀಸಾ?’ ಕೇಳೋಕೆ ಚೆನ್ನಾಗಿದೆ, ಕಾನೂನು ಒಪ್ಪಲ್ಲ. ಗ್ರೀಸನ್ನೇ ತಗೊಳ್ಳಿ. ಅದು ಷೆಂಗೆನ್ ದೇಶ. ಭಾರತೀಯರಿಗೆ ವೀಸಾ ಮೊದಲೇ ಬೇಕು. ಒಳಗೆ ಬಂದ ದಿನದಿಂದಲೇ ಲೆಕ್ಕ ಶುರು: ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ವೀಸಾದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ಹೋಟೆಲ್‌ನಲ್ಲಿ ಮಲಗಿದರೂ, ಬಂದರಿನಲ್ಲಿ ಲಂಗರು ಹಾಕಿದ ಯಾಟ್‌ನಲ್ಲಿ ಮಲಗಿದರೂ ದಿನ ದಿನವೇ.

ಜನ ಎಡವೋದು ಎಲ್ಲಿ ಗೊತ್ತಾ? ಯುರೋಪಿಯನ್ ಒಕ್ಕೂಟದ ಹೊರಗಿನವರ ಖಾಸಗಿ ಯಾಟ್‌ಗೆ ಕಸ್ಟಮ್ಸ್‌ನವರು ಸುಂಕವಿಲ್ಲದೆ 18 ತಿಂಗಳು ಕೊಡ್ತಾರೆ. ಆ ಅವಧಿ ದೋಣಿಯದು, ನಿಮ್ಮದಲ್ಲ. ಮೀರಿದರೆ ದಂಡ ಬೀಳಬಹುದು, ಮುಂದೆ ಪ್ರವೇಶವೇ ಸಿಗದಿರಬಹುದು. ನಾನು ಹೇಳೋದಿಷ್ಟೇ: ಹೊರಡುವ ಮುಂಚೆ ದೋಣಿಯ ದಿನ, ನಿಮ್ಮ ದಿನ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ನಿಮ್ಮ ದಿನ ಮುಗಿದರೆ ದೋಣಿ ಅಲ್ಲಿರಲಿ, ನೀವು ಹೊರಡಿ.