ಲೆಕ್ಕಪತ್ರದ ಕಡತಗಳು ಮತ್ತು ಕ್ಲೌಡ್ ಸಂಗ್ರಹ: ತೊಡಕುಗಳು, ಪರಿಹಾರಗಳು

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ನಂತರ ಶಿಡ್ಲಘಟ್ಟದ ರೇಷ್ಮೆ ರೀಲರುಗಳು, ಚಿಂತಾಮಣಿಯ ಮಂಡಿ ವರ್ತಕರು, ಗೌರಿಬಿದನೂರು ಹಾಗೂ ಚಿಕ್ಕಬಳ್ಳಾಪುರದ ಸಣ್ಣ ಉದ್ಯಮಿಗಳಲ್ಲಿ ಅನೇಕರು ಗಣಕಯಂತ್ರದಲ್ಲಿಯೇ ಲೆಕ್ಕ ಬರೆಯುತ್ತಿದ್ದಾರೆ. ಅಂಗಡಿಯಲ್ಲಿ ಬರೆದ ಲೆಕ್ಕ ಮನೆಯಲ್ಲಿಯೂ ದೊರೆಯಲೆಂದು ಕೆಲವರು ಟ್ಯಾಲಿಯ ದತ್ತಾಂಶ ಫೋಲ್ಡರನ್ನೇ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನಲ್ಲಿ ಇರಿಸುವುದುಂಟು. ನಿನ್ನೆಯ ಬಿಲ್ಲುಗಳು ಕಾಣದಿರುವುದು, ಒಂದೇ ಕಡತದ ಎರಡು ಪ್ರತಿಗಳು ಮೂಡುವುದು, ಕಂಪನಿಯೇ ತೆರೆಯದಿರುವುದು ಇದರಿಂದ ಉಂಟಾಗುವ ತೊಂದರೆಗಳು.

ಕಾರಣ ಸರಳವಾದುದು. ಪತ್ರ ಅಥವಾ ಛಾಯಾಚಿತ್ರ ಒಂದೇ ಕಡತವಾಗಿರುತ್ತದೆ. ಲೆಕ್ಕದ ತಂತ್ರಾಂಶವಾದರೋ ಪರಸ್ಪರ ಅವಲಂಬಿತವಾದ ಹಲವು ಕಡತಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಂಡು ಬರೆಯುತ್ತಿರುತ್ತದೆ. ಸಿಂಕ್ ವ್ಯವಸ್ಥೆ ಅವುಗಳನ್ನು ಒಂದೊಂದಾಗಿ ಸಾಗಿಸುವುದರಿಂದ, ನಡುವೆ ಅಂತರ್ಜಾಲ ಕಡಿದರೆ ಕೆಲವು ಹೊಸವು, ಕೆಲವು ಹಳೆಯವು ಉಳಿಯುತ್ತವೆ. ಎರಡು ಕಡೆ ಏಕಕಾಲಕ್ಕೆ ಬರೆದರೆ ಎರಡನ್ನೂ ಬೆಸೆಯಲು ಅದಕ್ಕೆ ತಿಳಿಯದು. ಮಕ್ಕಳ ಕಂಪ್ಯೂಟರ್ ಆಟಗಳ ಉಳಿಕೆ ಫೋಲ್ಡರುಗಳು ಕೆಡುವುದೂ ಇದೇ ರೀತಿಯಲ್ಲಿ. ಆದರೆ ಆಟವನ್ನು ಮತ್ತೆ ಆಡಬಹುದು, ಲೆಕ್ಕ ಹಾಗಲ್ಲ.

ತೊಂದರೆ ಕಂಡುಬಂದಾಗ ಅನುಸರಿಸಬೇಕಾದ ಕ್ರಮ:

1. ಎಲ್ಲ ಗಣಕಯಂತ್ರಗಳಲ್ಲಿ ಕೆಲಸ ನಿಲ್ಲಿಸಿ, ಸಿಂಕ್ ಅನ್ನು ತಡೆಹಿಡಿಯಿರಿ. ದುರಸ್ತಿಗೆ ಮೊದಲು ಪ್ರತಿಯೊಂದು ಯಂತ್ರದ ಫೋಲ್ಡರನ್ನೂ ಪೆನ್ ಡ್ರೈವ್‌ಗೆ ಪ್ರತ್ಯೇಕವಾಗಿ ನಕಲು ಮಾಡಿಕೊಳ್ಳಿ.

2. ಸ್ಥಳಾವಕಾಶ ಪರೀಕ್ಷಿಸಿ. ಉಚಿತ ಖಾತೆಯಲ್ಲಿ ಒನ್‌ಡ್ರೈವ್ 5 ಜಿ.ಬಿ. ನೀಡುತ್ತದೆ, ಗೂಗಲ್ ನೀಡುವ 15 ಜಿ.ಬಿ.ಯನ್ನು ಮಿಂಚಂಚೆ, ಛಾಯಾಚಿತ್ರಗಳೂ ಹಂಚಿಕೊಳ್ಳುತ್ತವೆ. ತುಂಬಿದರೆ ಹೊಸ ಕಡತಗಳು ಮೇಲೇರುವುದಿಲ್ಲ.

3. ಪ್ರತಿ ಯಂತ್ರದಲ್ಲಿಯೂ ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕವನ್ನು ತಾಳೆ ನೋಡಿ, ಪೂರ್ಣವಾಗಿರುವುದನ್ನು ಆಧಾರವಾಗಿ ಇಟ್ಟುಕೊಳ್ಳಿ. ಯಾವುದೂ ತೆರೆಯದಿದ್ದರೆ ಹಿಂದಿನ ಬ್ಯಾಕಪ್ ಮರುಸ್ಥಾಪಿಸಿ, ಉಳಿದುದನ್ನು ಬಿಲ್ ಪುಸ್ತಕದಿಂದ ಮತ್ತೆ ದಾಖಲಿಸಿ.

4. ದತ್ತಾಂಶ ಫೋಲ್ಡರನ್ನು ಸಿಂಕ್ ಆಗದ ಸ್ಥಳಕ್ಕೆ ವರ್ಗಾಯಿಸಿ, ತಂತ್ರಾಂಶದಲ್ಲಿ ಹೊಸ ವಿಳಾಸ ನಮೂದಿಸಿ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳು ಒನ್‌ಡ್ರೈವ್‌ಗೆ ಸೇರಿಕೊಂಡಿರಬಹುದು, ಎಚ್ಚರವಿರಲಿ.

5. ದಿನದ ಕೊನೆಯಲ್ಲಿ ತಂತ್ರಾಂಶದ್ದೇ ಬ್ಯಾಕಪ್ ಸೌಲಭ್ಯದಿಂದ ದಿನಾಂಕವಾರು ಪ್ರತಿ ತೆಗೆದು, ಅದನ್ನು ಮಾತ್ರ ಕ್ಲೌಡ್‌ಗೆ ಕಳುಹಿಸಿ. ಬರೆದು ಮುಗಿದ ಕಡತವಾದ್ದರಿಂದ ಅದು ಸುರಕ್ಷಿತವಾಗಿ ತಲುಪುತ್ತದೆ.

ಸಿಂಕ್ ಎಂಬುದು ಬ್ಯಾಕಪ್‌ಗೆ ಬದಲಿಯಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ ಮಾತ್ರ. ಆದ್ದರಿಂದ ವಾರಕ್ಕೊಮ್ಮೆ ಬೇರೊಂದು ಹಾರ್ಡ್ ಡಿಸ್ಕ್‌ನಲ್ಲಿಯೂ ಪ್ರತಿ ಇರಿಸುವುದು ಒಳಿತು.

ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡತಕ್ಕದ್ದು. ವಿದ್ಯುನ್ಮಾನ ಲೆಕ್ಕವಿಡುವ ನೋಂದಾಯಿತ ಕಂಪನಿಗಳು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇರಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಅಧಿಕಾರಿಗಳು ಕೇಳಿದಾಗ ಕಡತ ಕೆಟ್ಟಿತೆಂಬ ಸಮಜಾಯಿಷಿ ನೆರವಿಗೆ ಬಾರದು. ಆದುದರಿಂದ ತಿಂಗಳಿಗೊಮ್ಮೆಯಾದರೂ ಒಂದು ಬ್ಯಾಕಪ್ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿಕೊಳ್ಳುವುದು ಸೂಕ್ತ.