ಹಳೆ ಫ್ರಿಡ್ಜು ಬಿಚ್ಚುವ ಕಡೆ

ಬೆಂಗಳೂರಿನ ಹೊರವಲಯದ ಮರುಬಳಕೆ ಘಟಕವಿದು. ಗೇಟು ದಾಟಿದ ಕೂಡಲೇ ಸಿಗುವುದು ತೂಕದ ಯಂತ್ರ. ಆಚೆಗೆ ತೆರೆದ ಅಂಗಳ; ಒಂದು ಬದಿಗೆ ವಾಷಿಂಗ್ ಮಷೀನು, ಇನ್ನೊಂದು ಬದಿಗೆ ಫ್ರಿಡ್ಜುಗಳ ಸಾಲು. ಒಂದು ಫ್ರಿಡ್ಜಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಕಂಪ್ರೆಸರ್ ಇರಬೇಕಾದ ಜಾಗ ಖಾಲಿ. ಜಜ್ಜಿ ಮುರಿದ ತಾಮ್ರದ ಪೈಪಿನ ತುದಿಯಷ್ಟೇ ಉಳಿದಿತ್ತು. ಪಕ್ಕದ್ದೂ ಹಾಗೆಯೇ. ಯಾವ ಹಂತದಲ್ಲಿ ಕಿತ್ತರೋ ಗೊತ್ತಾಗಲಿಲ್ಲ. ಗುಜರಿಯಲ್ಲಿ ತಾಮ್ರಕ್ಕೆ ಒಳ್ಳೆಯ ಬೆಲೆಯಿದೆ, ಅದಂತೂ ನಿಜ.

ಹಾಗೆ ಕಿತ್ತರೆ ಆಗುವ ನಷ್ಟ ತಿಳಿದದ್ದು ಮುಂದಿನ ಶೆಡ್ಡಿನಲ್ಲಿ. ಅಲ್ಲಿಗೆ ಬಂದದ್ದು ಇಡಿಯಾಗಿದ್ದ ಫ್ರಿಡ್ಜು. ಕೆಲಸಗಾರರೊಬ್ಬರು ಅದರ ಪೈಪಿಗೆ ಇಕ್ಕಳದಂಥ ಸಾಧನ ಕಚ್ಚಿಸಿ ತೂತು ಮಾಡಿದರು. ಪಂಪು ಗುಂಯ್‌ಗುಟ್ಟಿತು. ಒಳಗಿನ ಅನಿಲ ಕೊಳವೆಯ ಮೂಲಕ ಸಿಲಿಂಡರಿಗೆ ಸೇರುತ್ತಿತ್ತು. ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗಿಳಿಯುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಒಂದು ಫ್ರಿಡ್ಜಿನಿಂದ ಸಿಗುವುದು ನೂರು ಗ್ರಾಮಿನ ಆಸುಪಾಸು. ಆದರೆ ಇಂಥ ಫ್ರಿಡ್ಜುಗಳಲ್ಲಿರುವ ಆರ್-134ಎ ಎಂಬ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ನೂರು ಗ್ರಾಂ ಸೋರಿದರೆ 140 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಇನ್ನೂ ಹಳೆಯ ಫ್ರಿಡ್ಜುಗಳಲ್ಲಿರುವ ಆರ್-12 ಓಜೋನ್ ಪದರವನ್ನೂ ತಿನ್ನುತ್ತದೆ. ಅಂಗಳದಲ್ಲಿ ಪೈಪು ಮುರಿದು ನಿಂತಿದ್ದವುಗಳ ಅನಿಲ ಎಂದೋ ಗಾಳಿಗೆ ಹೋಗಿಯಾಗಿದೆ. ಅದನ್ನು ಯಾವ ಯಂತ್ರವೂ ಮರಳಿ ಹಿಡಿಯಲಾರದು.

ಆಮೇಲಿನದು ಗದ್ದಲದ ಕೆಲಸ. ಪುಡಿಮಾಡುವ ಯಂತ್ರದಿಂದ ಬಿದ್ದ ಚೂರುಗಳಲ್ಲಿ ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಚೂರುಗಳು ಬೆಲ್ಟಿನ ತುದಿಯಲ್ಲಿ ಹಾರಿ ಬೇರೆ ತೊಟ್ಟಿಗೆ ಬೀಳುತ್ತವೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಇವನ್ನು ಕರಗಿಸಲು ಶೇಕಡ 5ರಷ್ಟು ಶಕ್ತಿ ಸಾಕು. ಈ ತೊಟ್ಟಿಯ ಮುಂದೆ ನಾನು ತುಸು ಹೆಚ್ಚೇ ನಿಂತೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಹಳೆಯ ಫ್ರಿಡ್ಜು, ವಾಷಿಂಗ್ ಮಷೀನುಗಳನ್ನು ನೋಂದಾಯಿತ ಘಟಕಗಳಲ್ಲಿ ಮರುಬಳಕೆ ಮಾಡಿಸುವ ಹೊಣೆ ತಯಾರಕರದು. ಹಾಗಿದ್ದೂ ಇಡಿಯಾದ ಫ್ರಿಡ್ಜುಗಳು ಬರುವುದು ಯಾಕೆ ಕಡಿಮೆ ಎಂದು ಘಟಕದವರನ್ನು ಕೇಳಿದೆ. "ಮನೆಬಾಗಿಲಿಗೆ ಗುಜರಿಯವರು ಬರ್ತಾರೆ ಸಾರ್, ಕೈಗೆ ಕಾಸು ಕೊಡ್ತಾರೆ" ಎಂದರು. ಕಂಪ್ರೆಸರ್ ಸಮೇತ ತಂದವರಿಗೆ ಇಲ್ಲಿ ಕಿಲೋಗೆ ಸ್ವಲ್ಪ ಹೆಚ್ಚು ಕೊಡುತ್ತಾರಂತೆ. ಆ ಹೆಚ್ಚಿನ ದುಡ್ಡು ತಾಮ್ರದ ಆಸೆಯನ್ನು ತಡೆಯುವಷ್ಟಿದೆಯೇ ಎಂಬುದು ನನಗೆ ಅನುಮಾನ.