ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಕವಲು ಮತ್ತು ವಿಲೀನ

ಮುಕ್ತ ಆಕರದ ಕಾರ್ಯಾಚರಣ ವ್ಯವಸ್ಥೆಯೊಂದರ ಸಂಕೇತವನ್ನು ನಕಲು ಮಾಡಿಕೊಂಡು, ಮೂಲ ತಂಡದಿಂದ ಬೇರೆಯಾಗಿ ಹೊಸ ಹೆಸರಿನಲ್ಲಿ ಅಭಿವೃದ್ಧಿಪಡಿಸುವುದನ್ನು ಕವಲೊಡೆಯುವಿಕೆ ಅಥವಾ ಫೋರ್ಕ್ ಎಂದು ಕರೆಯುತ್ತಾರೆ. ಹೀಗೆ ಬೇರೆಯಾದ ಯೋಜನೆಗಳು ಮತ್ತೆ ಒಂದಾಗುವುದು ವಿಲೀನ. ಕವಲೊಡೆಯಲು ಯಾರ ಅನುಮತಿಯೂ ಬೇಕಿಲ್ಲ. ಪರವಾನಗಿಯೇ ಆ ಹಕ್ಕನ್ನು ಕೊಟ್ಟಿರುತ್ತದೆ. ವಿಲೀನಕ್ಕೆ ಮಾತ್ರ ಎರಡೂ ಕಡೆಯವರ ಒಪ್ಪಿಗೆ ಬೇಕು. ಆದುದರಿಂದ ಕವಲುಗಳ ಸಂಖ್ಯೆ ದೊಡ್ಡದು, ವಿಲೀನಗಳು ವಿರಳ. ಈ ಪ್ರಕ್ರಿಯೆಯ ಅಧ್ಯಯನಕ್ಕೆ ಬಿಎಸ್‌ಡಿ ಕುಟುಂಬವು ಉತ್ತಮ ಉದಾಹರಣೆಯಾಗಿದೆ.

== ಬಿಎಸ್‌ಡಿ ಕುಟುಂಬದ ಕವಲುಗಳು ==

ಬಿಎಸ್‌ಡಿ ಎಂಬುದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಯುನಿಕ್ಸ್ ಆವೃತ್ತಿ. ಅದರ ಮುಕ್ತ ಭಾಗಗಳನ್ನು 1991ರಲ್ಲಿ ನೆಟ್/2 ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಲಾಯಿತು. ಅದರಲ್ಲಿ ಕೊರತೆಯಿದ್ದ ಕಡತಗಳನ್ನು ಹೊಸದಾಗಿ ಬರೆದು, ಇಂಟೆಲ್ 386 ಸಂಸ್ಕಾರಕವುಳ್ಳ ಸಾಮಾನ್ಯ ಗಣಕಗಳಲ್ಲಿ ನಡೆಯುವಂತೆ ಮಾಡಿದವರು ವಿಲಿಯಂ ಜೋಲಿಟ್ಜ್ ಮತ್ತು ಲಿನ್ ಜೋಲಿಟ್ಜ್ ದಂಪತಿ. 386ಬಿಎಸ್‌ಡಿ ಎಂಬ ಈ ವ್ಯವಸ್ಥೆ 1992ರಲ್ಲಿ ಬಳಕೆದಾರರ ಕೈಸೇರಿತು.

ಬಳಕೆದಾರರು ದೋಷಗಳನ್ನು ತಾವೇ ಸರಿಪಡಿಸಿ ಕಳುಹಿಸತೊಡಗಿದರು. ಆದರೆ ಆ ತಿದ್ದುಪಡಿಗಳನ್ನು ಒಳಗೊಂಡ ಹೊಸ ಆವೃತ್ತಿ ಬೇಗ ಹೊರಬರಲಿಲ್ಲ. ಕಾದು ಬೇಸತ್ತ ಎರಡು ಗುಂಪುಗಳು 1993ರಲ್ಲಿ ತಮ್ಮದೇ ದಾರಿ ಹಿಡಿದವು. ಒಂದು, ಬಗೆಬಗೆಯ ಯಂತ್ರಗಳ ಮೇಲೆ ನಡೆಯಬಲ್ಲ ವ್ಯವಸ್ಥೆಯನ್ನು ಬಯಸಿದ ನೆಟ್‌ಬಿಎಸ್‌ಡಿ. ಇನ್ನೊಂದು, ತಿದ್ದುಪಡಿಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರು ಆರಂಭಿಸಿದ, 386 ಗಣಕಗಳಿಗೇ ಹೆಚ್ಚು ಗಮನ ಕೊಟ್ಟ ಫ್ರೀಬಿಎಸ್‌ಡಿ.

ಒಡಕಿನ ವೆಚ್ಚ ಮರುವರ್ಷವೇ ಕಾಣಿಸಿಕೊಂಡಿತು. ಯುನಿಕ್ಸ್‌ನ ಹಕ್ಕುಸ್ವಾಮ್ಯ ಹೊಂದಿದ್ದ ಯುನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್ 1992ರಲ್ಲಿ ಹೂಡಿದ ಮೊಕದ್ದಮೆ 1994ರ ಆರಂಭದಲ್ಲಿ ರಾಜಿಯಲ್ಲಿ ಮುಗಿಯಿತು. ಸುಮಾರು 18,000 ಕಡತಗಳ ಪೈಕಿ ತೆಗೆದುಹಾಕಬೇಕಾಗಿ ಬಂದದ್ದು 3 ಮಾತ್ರ. ಆದರೂ ನೆಟ್/2 ಆಧಾರಿತ ಸಂಕೇತವನ್ನು ಕೈಬಿಟ್ಟು, ವಿವಾದಮುಕ್ತವಾದ 4.4ಬಿಎಸ್‌ಡಿ-ಲೈಟ್ ಮೇಲೆ ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕಾಯಿತು. ಈ ಶ್ರಮದಾಯಕ ಕೆಲಸವನ್ನು ಎರಡು ತಂಡಗಳು ಎರಡು ಬಾರಿ, ಪ್ರತ್ಯೇಕವಾಗಿ ಮಾಡಿದವು. ಇದೇ ಅವಧಿಯಲ್ಲಿ ಲಿನಕ್ಸ್ ಮುನ್ನಡೆ ಸಾಧಿಸಿತು. ಅದಕ್ಕೆ ಮೊಕದ್ದಮೆಯ ನೆರಳು ಎಷ್ಟು ಕಾರಣ, ಒಡಕು ಎಷ್ಟು ಕಾರಣ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಮೂರನೆಯ ಕವಲಿಗೆ ಕಾರಣ ತಂತ್ರಜ್ಞಾನವಲ್ಲ, ಮನಸ್ತಾಪ. ನೆಟ್‌ಬಿಎಸ್‌ಡಿಯ ಸ್ಥಾಪಕರಲ್ಲಿ ಒಬ್ಬರಾದ ಥಿಯೊ ಡಿ ರಾಟ್ ಅವರನ್ನು 1994ರ ಡಿಸೆಂಬರ್‌ನಲ್ಲಿ ಮುಖ್ಯ ತಂಡದಿಂದ ಹೊರಹೋಗುವಂತೆ ಕೇಳಲಾಯಿತು. ಅವರು 1995ರಲ್ಲಿ ಓಪನ್‌ಬಿಎಸ್‌ಡಿ ಆರಂಭಿಸಿದರು. ವೈಯಕ್ತಿಕ ಜಗಳದಿಂದ ಹುಟ್ಟಿದ ಈ ಯೋಜನೆಯು ಭದ್ರತೆಯನ್ನೇ ಗುರಿಯಾಗಿಸಿಕೊಂಡು, ಸಂಕೇತವನ್ನು ಸಾಲುಸಾಲಾಗಿ ಪರಿಶೀಲಿಸುವ ಪದ್ಧತಿಗೆ ಹೆಸರಾಯಿತು. ನಾಲ್ಕನೆಯದು 2003ರ ಡ್ರ್ಯಾಗನ್‌ಫ್ಲೈ ಬಿಎಸ್‌ಡಿ. ಹಲವು ಸಂಸ್ಕಾರಕಗಳಿರುವ ಗಣಕಗಳಲ್ಲಿ ಕರ್ನೆಲ್ ಹೇಗೆ ಕೆಲಸ ಹಂಚಬೇಕು ಎಂಬ ವಿಷಯದಲ್ಲಿ ಫ್ರೀಬಿಎಸ್‌ಡಿ 5 ಹಿಡಿದ ಮಾರ್ಗವನ್ನು ಒಪ್ಪದ ಮ್ಯಾಥ್ಯೂ ಡಿಲನ್, ಆವೃತ್ತಿ 4ರಿಂದ ಅದನ್ನು ಬೇರ್ಪಡಿಸಿದರು.

== ಭಾಗಗಳ ಹಂಚಿಕೆ ==

ಈ ನಾಲ್ಕು ಯೋಜನೆಗಳಲ್ಲಿ ಯಾವುದೂ ಇನ್ನೊಂದರಲ್ಲಿ ವಿಲೀನವಾಗಿಲ್ಲ. ಪರವಾನಗಿಗಳು ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ ಕಾನೂನಿನ ಅಡ್ಡಿಯಿಲ್ಲ. ಆದರೆ ಕರ್ನೆಲ್‌ಗಳ ಒಳರಚನೆ ವರ್ಷದಿಂದ ವರ್ಷಕ್ಕೆ ದೂರವಾಗುತ್ತ ಬಂದಿದೆ. ಒಂದು ವ್ಯವಸ್ಥೆಗೆಂದು ಬರೆದ ಸಾಧನ ಚಾಲಕವನ್ನು ಇನ್ನೊಂದಕ್ಕೆ ಒಗ್ಗಿಸಬೇಕಾಗುತ್ತದೆ. ಹಳೆಯ ಸಾಮಾನ್ಯ ಸಂಕೇತದಲ್ಲಿ ಭದ್ರತಾ ದೋಷ ಸಿಕ್ಕರೆ, ಅದನ್ನು ಉಳಿಸಿಕೊಂಡ ಪ್ರತಿಯೊಂದು ವ್ಯವಸ್ಥೆಯಲ್ಲೂ ತಿದ್ದಬೇಕು. ಒಬ್ಬರು ತಿದ್ದಿ ಇನ್ನೊಬ್ಬರಿಗೆ ತಿಳಿಯದೇ ಹೋದರೆ ದೋಷ ಅಲ್ಲೇ ಉಳಿಯುತ್ತದೆ.

ಒಗ್ಗೂಡುವಿಕೆ ನಡೆದಿರುವುದು ಬಿಡಿ ಭಾಗಗಳ ಮಟ್ಟದಲ್ಲಿ. ಓಪನ್‌ಬಿಎಸ್‌ಡಿ ತಂಡ 1999ರಲ್ಲಿ ಹೊರತಂದ ಓಪನ್‌ಎಸ್‌ಎಸ್‌ಎಚ್ ಇಂದು ಬಿಎಸ್‌ಡಿಗಳಲ್ಲಷ್ಟೇ ಅಲ್ಲದೆ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿಯೂ ಇದೆ. ಐಪಿವಿ6ರ ಉದಾಹರಣೆ ಇನ್ನೂ ಸ್ಪಷ್ಟ. ಬಿಎಸ್‌ಡಿಗಳಿಗೆ ಫ್ರಾನ್ಸ್, ಅಮೆರಿಕ ಮತ್ತು ಜಪಾನ್‌ಗಳಲ್ಲಿ ಬೇರೆ ಬೇರೆ ಐಪಿವಿ6 ಅನುಷ್ಠಾನಗಳು ತಯಾರಾಗುತ್ತಿದ್ದವು. ಜಪಾನಿನ ಕಂಪನಿಗಳು 1998ರಲ್ಲಿ ಜಂಟಿಯಾಗಿ ಆರಂಭಿಸಿದ ಕಾಮೆ ಯೋಜನೆಯ ಸಂಕೇತವನ್ನು ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರೂ ಅಳವಡಿಸಿಕೊಂಡವು. ಕಾಮೆ ಎಂದರೆ ಜಪಾನಿ ಭಾಷೆಯಲ್ಲಿ ಆಮೆ. ಯೋಜನೆಯ ಜಾಲತಾಣಕ್ಕೆ ಐಪಿವಿ6 ಮೂಲಕ ಬಂದವರಿಗೆ ಮಾತ್ರ ಅಲ್ಲಿನ ಆಮೆಯ ಚಿತ್ರ ಕುಣಿಯುವಂತೆ ಕಾಣುತ್ತಿತ್ತು. ಕೆಲಸ ಮುಗಿದು 2006ರಲ್ಲಿ ಯೋಜನೆ ಸಮಾಪ್ತಿಯಾಯಿತು.

ಹಂಚಿಕೊಂಡ ಭಾಗವೂ ಮತ್ತೆ ಕವಲೊಡೆಯಬಹುದು. ಪರವಾನಗಿ ವಿವಾದದಿಂದಾಗಿ ಹಳೆಯ ಶೋಧಕವೊಂದನ್ನು ಕೈಬಿಟ್ಟ ಓಪನ್‌ಬಿಎಸ್‌ಡಿ, 2001ರಲ್ಲಿ ಪಿಎಫ್ ಎಂಬ ಜಾಲರಕ್ಷಕವನ್ನು ರೂಪಿಸಿತು. ಉಳಿದ ಬಿಎಸ್‌ಡಿಗಳೂ ಅದನ್ನು ಪಡೆದವು. ಮುಂದೆ ಓಪನ್‌ಬಿಎಸ್‌ಡಿ ಪಿಎಫ್ ನಿಯಮಗಳ ವಾಕ್ಯರಚನೆಯನ್ನು ಬದಲಿಸಿತು. ಫ್ರೀಬಿಎಸ್‌ಡಿ ಹಳೆಯದನ್ನೇ ಇಟ್ಟುಕೊಂಡು, ಬಹುಸಂಸ್ಕಾರಕಗಳಿಗೆ ತಕ್ಕಂತೆ ಒಳಭಾಗವನ್ನು ತಿದ್ದಿತು. ನೆಟ್‌ಬಿಎಸ್‌ಡಿ ಎನ್‌ಪಿಎಫ್ ಎಂಬ ಬೇರೆಯದನ್ನೇ ಬರೆಯಿತು.

== ಪೂರ್ಣ ವಿಲೀನ: ಓಪನ್‌ಡಬ್ಲ್ಯುಆರ್‌ಟಿ ==

ಇಡೀ ಯೋಜನೆಗಳೇ ಮತ್ತೆ ಒಂದಾದ ಅಪರೂಪದ ನಿದರ್ಶನ ಲಿನಕ್ಸ್ ಲೋಕದಲ್ಲಿದೆ. ಓಪನ್‌ಡಬ್ಲ್ಯುಆರ್‌ಟಿ ಎಂಬುದು ಮನೆ ಮತ್ತು ಕಚೇರಿಗಳ ವೈ-ಫೈ ರೂಟರ್‌ಗಳಿಗಾಗಿ 2004ರಲ್ಲಿ ಆರಂಭವಾದ ಲಿನಕ್ಸ್ ಆಧಾರಿತ ವ್ಯವಸ್ಥೆ. ನಿರ್ಧಾರಗಳು ಮುಚ್ಚಿದ ಬಾಗಿಲ ಹಿಂದೆ ಆಗುತ್ತಿವೆ, ಸರ್ವರ್‌ಗಳ ನಿರ್ವಹಣೆ ಸರಿಯಿಲ್ಲ ಎಂದು ಆಕ್ಷೇಪಿಸಿದ ಹಲವು ಪ್ರಮುಖ ಅಭಿವರ್ಧಕರು 2016ರ ಮೇ ತಿಂಗಳಲ್ಲಿ ಲೀಡ್ ಎಂಬ ಕವಲನ್ನು ಘೋಷಿಸಿದರು.

ಒಂದು ವರ್ಷದೊಳಗೆ ಲೀಡ್ ತನ್ನ ಆವೃತ್ತಿ 17.01 ಅನ್ನು ಹೊರತಂದಿತು. ಆ ವೇಳೆಗೆ ಸಕ್ರಿಯ ಕೆಲಸಗಾರರಲ್ಲಿ ಹೆಚ್ಚಿನವರು ಅಲ್ಲಿದ್ದರು, ಜನರಿಗೆ ಪರಿಚಿತವಾದ ಹೆಸರು ಇಲ್ಲಿ ಉಳಿದಿತ್ತು. ಮಾತುಕತೆ, ಮತದಾನಗಳ ನಂತರ 2018ರ ಜನವರಿಯಲ್ಲಿ ವಿಲೀನವನ್ನು ಪ್ರಕಟಿಸಲಾಯಿತು. ಹೆಸರು ಓಪನ್‌ಡಬ್ಲ್ಯುಆರ್‌ಟಿಯದು; ಸಂಕೇತ ಮತ್ತು ಆಡಳಿತ ನಿಯಮಗಳು ಲೀಡ್‌ನವು. ಎರಡು ವರ್ಷಕ್ಕೂ ಕಡಿಮೆ ಅವಧಿಯ ಅಗಲಿಕೆಯಲ್ಲಿ ಸಂಕೇತಗಳು ಅಷ್ಟೇನೂ ದೂರ ಸರಿದಿರಲಿಲ್ಲ; ಭಿನ್ನಾಭಿಪ್ರಾಯವಿದ್ದದ್ದೂ ತಾಂತ್ರಿಕ ಗುರಿಯ ಬಗ್ಗೆ ಅಲ್ಲ, ಆಡಳಿತದ ಬಗ್ಗೆ. ಬಿಎಸ್‌ಡಿಗಳಿಗೆ ಈ ಎರಡು ಅನುಕೂಲಗಳೂ ಇರಲಿಲ್ಲ. ಒಂದಾದ ಯೋಜನೆಯ ಮೊದಲ ಆವೃತ್ತಿ 18.06, 2018ರ ಜುಲೈನಲ್ಲಿ ಬಿಡುಗಡೆಯಾಯಿತು.